ಟೆಕ್ಸ್ಟ್ ಕನ್ಸೋಲ್‌ನಲ್ಲಿ ಕಪ್ಪು ಪರದೆ, ಹಳದಿ ಅಕ್ಷರ, ಕನ್ನಡದ ಜಾಗದಲ್ಲಿ ಚೌಕ: ಲ್ಯಾಬಿನ ಆರು ಲಿನಕ್ಸ್ ಪಿಸಿಗಳ ತೊಂದರೆ

ಹೊಸನಗರ_ಲ್ಯಾಬ್

ಶಾಲೆಯ ಲ್ಯಾಬಿನಲ್ಲಿ ಆರು ಹಳೆಯ ಡೆಸ್ಕ್‌ಟಾಪ್ ಇವೆ. ಇಂಟೆಲ್ ಒಳಗ್ರಾಫಿಕ್ಸ್, ವಿಜಿಎ ಕೇಬಲ್, 1366x768 ಮಾನಿಟರ್. ಆರೂ ಒಂದೇ ಮಾದರಿ. ಡೆಬಿಯನ್ 12 ಲಿನಕ್ಸ್ ಹಾಕಿದೆ, ಡೆಸ್ಕ್‌ಟಾಪ್ ಹಾಕಿಲ್ಲ, ಬರೀ ಟೆಕ್ಸ್ಟ್ ಕನ್ಸೋಲ್. ಮಳೆ ಹಿಡಿಯುವ ಮೊದಲು ಎಲ್ಲ ಸರಿಯಾಗಬೇಕು.

1ನೇ ಪಿಸಿ: ಗ್ರಬ್ (ಲಿನಕ್ಸನ್ನು ಬೂಟ್ ಮಾಡುವ ಪ್ರೋಗ್ರಾಂ) ಮೆನು ಬರುತ್ತೆ, ಆಮೇಲೆ ಮಾನಿಟರ್ ‘ಔಟ್ ಆಫ್ ರೇಂಜ್’ ಅಂತ ತೋರಿಸಿ ಕಪ್ಪಾಗುತ್ತೆ. 2ನೇ ಪಿಸಿ: 1024x768 ಬಿಟ್ಟು ಮೇಲಕ್ಕೆ ಹೋಗಲ್ಲ, ಅಕ್ಷರ ಅಗಲಕ್ಕೆ ಎಳೆದ ಹಾಗೆ ಕಾಣುತ್ತೆ. 3ನೇ ಪಿಸಿ: ಬಿಳಿ ಅಕ್ಷರವೆಲ್ಲ ಹಳದಿ. 4ನೇ ಪಿಸಿ: ಫಾಂಟ್ ದೊಡ್ಡದು ಮಾಡಿದರೆ ಬೂಟ್ ಆಗುವಾಗ ಒಂದು ಕ್ಷಣ ಇದ್ದು ಮತ್ತೆ ಚಿಕ್ಕದಾಗುತ್ತೆ. 5ನೇ ಪಿಸಿ: ಅಕ್ಷರವೆಲ್ಲ ಪರದೆಯ ಎಡ ಮೇಲ್ಮೂಲೆಯಲ್ಲಿ ಮಾತ್ರ, ಉಳಿದದ್ದು ಖಾಲಿ. 6ನೇ ಪಿಸಿ: ಬಯಾಸ್ (ಲಿನಕ್ಸಿಗಿಂತ ಮೊದಲು ಬರುವ ಬೋರ್ಡಿನ ಪ್ರೋಗ್ರಾಂ) ಪರದೆಯಿಂದಲೇ ಕೆಲವು ಅಕ್ಷರ ತಪ್ಪು.

ಇನ್ನು ಆರರಲ್ಲೂ ಕನ್ನಡ ಹೆಸರಿನ ಫೈಲ್‌ಗಳು ಚೌಕ ಚೌಕವಾಗಿ ಬರುತ್ತಿವೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯಿರಿ, ಓದಿ ಟೈಪ್ ಮಾಡಿಕೊಳ್ಳುತ್ತೇವೆ.

ಸಾಗರ_ಸಿಸ್‌ಅಡ್ಮಿನ್

ಯಾವ ಫೈಲಿಗೂ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಪಿಸಿಯನ್ನೂ ಆರಿಸಿ, ಆನ್ ಮಾಡಿ, ತೊಂದರೆ ಯಾವ ಹಂತದಲ್ಲಿ ಶುರುವಾಗುತ್ತೆ ಅಂತ ಬರೆದಿಟ್ಟುಕೊಳ್ಳಿ. ಬಯಾಸ್ ಲೋಗೋ, ಆಮೇಲೆ ಗ್ರಬ್, ಆಮೇಲೆ ಕರ್ನಲ್ಲಿನ (ಲಿನಕ್ಸಿನ ತಿರುಳು) ಮೊದಲ ಸಾಲುಗಳು, ಆಮೇಲೆ ಪರದೆ ಒಮ್ಮೆ ಮಿನುಗುತ್ತೆ (ಗ್ರಾಫಿಕ್ಸ್ ಡ್ರೈವರ್ ಹಿಡಿತ ತೆಗೆದುಕೊಳ್ಳುವ ಹೊತ್ತು ಅದು), ಆಮೇಲೆ ಫಾಂಟ್ ಬದಲಾಗುತ್ತೆ, ಕೊನೆಗೆ ಲಾಗಿನ್.

ಬಯಾಸ್‌ನಲ್ಲೇ ಕೆಟ್ಟಿದ್ದರೆ ಲಿನಕ್ಸಿನ ತಪ್ಪಲ್ಲ. ಕೇಬಲ್, ಮಾನಿಟರ್, ರ‍್ಯಾಮ್ ನೋಡಿ. ಗ್ರಬ್‌ವರೆಗೆ ಚೆನ್ನಾಗಿದ್ದು ಮಿನುಗಿದ ಮೇಲೆ ಕೆಟ್ಟರೆ ಡ್ರೈವರ್ ಆರಿಸಿದ ಮೋಡ್ ತಪ್ಪು. ಲಾಗಿನ್‌ವರೆಗೂ ಸರಿ ಇದ್ದು ಒಂದು ಪ್ರೋಗ್ರಾಂನಲ್ಲಿ ಮಾತ್ರ ಕೆಟ್ಟರೆ ಲೊಕೇಲ್ (ಭಾಷೆಯ ಸೆಟ್ಟಿಂಗ್) ಅಥವಾ ‘ಟರ್ಮ್’ ವೇರಿಯಬಲ್ (ಟರ್ಮಿನಲ್ ಯಾವ ಬಗೆಯದು ಅಂತ ಹೇಳುವುದು). ಅದೇ ಪಿಸಿಗೆ ಬೇರೆ ಯಂತ್ರದಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡಿ ನೋಡಿ: ಅಲ್ಲಿ ಸರಿ ಕಂಡರೆ ಡೇಟಾಗೆ ಏನೂ ಆಗಿಲ್ಲ, ತೋರಿಸುವ ಕಡೆ ಮಾತ್ರ ತೊಂದರೆ.

ಈ ಲೆಕ್ಕದಲ್ಲಿ ನಿಮ್ಮ ಆರು ಪಿಸಿಗೂ ಆರು ಬೇರೆ ಕಾಯಿಲೆ. ಒಂದೇ ಮದ್ದು ಎಲ್ಲಕ್ಕೂ ಹಾಕಬೇಡಿ.

ಕೊಪ್ಪ_ಬಳಕೆದಾರ

1ನೇದಕ್ಕೆ ಗ್ರಬ್‌ನಲ್ಲಿ ‘ವಿಜಿಎ=791’ ಹಾಕಿ ನೋಡಿ. ಹಳೆಯ ಪುಸ್ತಕಗಳಲ್ಲೆಲ್ಲ ಅದೇ ಇದೆ.

ಶಿವಮೊಗ್ಗ_ಕರ್ನಲ್

791 ಅಂದರೆ ವೆಸಾ (ಹಳೆಯ ಪರದೆ ಮಾನದಂಡ) ಮೋಡ್, 1024x768, 16 ಬಿಟ್ ಬಣ್ಣ. ಬೂಟ್ ಶುರುವಾಗುವಾಗ ಬಯಾಸ್ ಮೂಲಕ ಆ ಮೋಡ್ ಬರಬಹುದು, ಆದರೆ ಐ915 (ಇಂಟೆಲ್ ಗ್ರಾಫಿಕ್ಸ್) ಡ್ರೈವರ್ ಬಂದ ಕೂಡಲೇ ಮೋಡನ್ನು ತಾನೇ ಹೊಸದಾಗಿ ಆರಿಸುತ್ತೆ. ಮಾನಿಟರ್ ಕಪ್ಪಾಗುವುದು ಆ ಘಳಿಗೆಯಲ್ಲೇ. ಹಾಗಾಗಿ 791 ಇಲ್ಲಿ ಕೆಲಸಕ್ಕೆ ಬರಲ್ಲ.

ಹೀಗೆ ಮಾಡಿ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ. ‘ಲಿನಕ್ಸ್’ ಪದದಿಂದ ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಸ್ಪೇಸ್ ಬಿಟ್ಟು ‘ನೋಮೋಡ್‌ಸೆಟ್’ ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿ. ಇದು ಆ ಒಂದು ಬೂಟಿಗೆ ಮಾತ್ರ. ಪರದೆ ಬಂದರೆ ಡ್ರೈವರ್ ಆರಿಸಿದ ಮೋಡೇ ಕಾರಣ ಅಂತ ಖಾತ್ರಿ.

ಇಲ್ಲಿ ಬಹಳ ಜನ ಎಡವುತ್ತಾರೆ: ನೋಮೋಡ್‌ಸೆಟ್ ಹಾಕಿದ ಬೂಟಿನಲ್ಲಿ ಡ್ರೈವರ್ ಕೆಲಸ ಮಾಡುತ್ತಿರುವುದಿಲ್ಲ, ಆದ್ದರಿಂದ ಕನೆಕ್ಟರ್‌ಗಳ (ಮಾನಿಟರ್ ಸಿಕ್ಕಿಸುವ ಜಾಗಗಳ) ಪಟ್ಟಿಯೂ ಸಿಗಲ್ಲ. ಕನೆಕ್ಟರ್ ಹೆಸರು ಬೇಕಾದರೆ ಅದಿಲ್ಲದೆ ಬೂಟ್ ಮಾಡಿ, ಪರದೆ ಕಪ್ಪಾಗಿರಲಿ, ಇನ್ನೊಂದು ಪಿಸಿಯಿಂದ ಎಸ್‌ಎಸ್‌ಎಚ್ ಮಾಡಿ ಇದನ್ನು ಕೊಡಿ:

ಗ್ರೆಪ್ . /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0-*/ಸ್ಟೇಟಸ್

ಪ್ರತಿ ಕನೆಕ್ಟರ್ ಮುಂದೆ ‘ಕನೆಕ್ಟೆಡ್’ ಅಥವಾ ‘ಡಿಸ್‌ಕನೆಕ್ಟೆಡ್’ ಅಂತ ಬರುತ್ತೆ. ನಿಮ್ಮದು ‘ವಿಜಿಎ-1’ ಇರಬೇಕು. ಆಮೇಲೆ ಮತ್ತೆ ಗ್ರಬ್‌ನಲ್ಲಿ ‘ಇ’ ಒತ್ತಿ ನೋಮೋಡ್‌ಸೆಟ್ ಬದಲು ಇದನ್ನು ಹಾಕಿ:

ವಿಡಿಯೊ=ವಿಜಿಎ-1:1024x768@60

ಪರದೆ ಬಂದರೆ ಮಾತ್ರ ಕಾಯಂ ಮಾಡಿ. /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್’ ಸಾಲಿನ ಉದ್ಧರಣ ಚಿಹ್ನೆಯ ಒಳಗೆ ಸೇರಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ. ಎಚ್‌ಡಿಎಂಐ ಇರುವವರು ನೆನಪಿಡಿ: ಕರ್ನಲ್ ಕರೆಯುವ ಹೆಸರು ‘ಎಚ್‌ಡಿಎಂಐ-ಎ-1’. ನಡುವಿನ ‘ಎ’ ಬಿಟ್ಟರೆ ಆ ಆಯ್ಕೆ ಯಾವ ಕನೆಕ್ಟರಿಗೂ ತಾಗುವುದಿಲ್ಲ.

ನೋಮೋಡ್‌ಸೆಟ್‌ ಅನ್ನೇ ಕಾಯಂ ಇಟ್ಟುಕೊಳ್ಳುವ ಅಭ್ಯಾಸ ಬೇಡ. ಅದು ತಪಾಸಣೆಗೆ ಇರುವ ಸಲಕರಣೆ.

ತೀರ್ಥಹಳ್ಳಿ_ಹಾರ್ಡ್‌ವೇರ್

2 ಮತ್ತು 3ನೇದು ಕೇಬಲ್ ಕಡೆಯ ಮಾತು, ನಾನು ಹೇಳುತ್ತೇನೆ.

ವಿಜಿಎ ಪ್ಲಗ್ಗಿನಲ್ಲಿ ಐದೈದರ ಮೂರು ಸಾಲು, ಒಟ್ಟು 15 ಪಿನ್. 1 ಕೆಂಪು, 2 ಹಸಿರು, 3 ನೀಲಿ. ನೀಲಿ ತಪ್ಪಿದರೆ ಬಿಳಿ ಹಳದಿಯಾಗುತ್ತೆ, ಕೆಂಪು ತಪ್ಪಿದರೆ ಹಸಿರುನೀಲಿ, ಹಸಿರು ತಪ್ಪಿದರೆ ನೇರಳೆಗೆಂಪು. ನಿಮ್ಮ 3ನೇ ಪಿಸಿ ಹಳದಿ ಅಂದರೆ 3ನೇ ಪಿನ್ನೇ. 13 ಅಡ್ಡ ಸಿಂಕ್, 14 ಲಂಬ ಸಿಂಕ್. ಚಿತ್ರ ಮೇಲಿಂದ ಕೆಳಗೆ ಉರುಳುತ್ತಿದ್ದರೆ 14 ನೋಡಿ.

ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತೆ. ಕಿಟಕಿ ಪಕ್ಕದ ಪಿಸಿಯ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಪಿನ್ನಿನ ಬುಡದಲ್ಲಿ ಹಸಿರು ಪಾಚಿಯಂಥ ಪುಡಿ ಕಾಣುತ್ತೆ. ಅದು ತಾಮ್ರದ ಕಿಲುಬು. ಎರಡೂ ಕಡೆ ಪವರ್ ತೆಗೆದು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೃದು ಬ್ರಷ್‌ನಿಂದ ಪಿನ್ನಿನ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ಪಿನ್ ಬಾಗುತ್ತೆ. ಹತ್ತು ನಿಮಿಷ ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್ ಬಳಸಬೇಡಿ, ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಒಣಗಿದ ಮೇಲೆ ಸಿಕ್ಕಿಸಿ ಎರಡೂ ಸ್ಕ್ರೂ ಬಿಗಿ ಮಾಡಿ. ಸ್ಕ್ರೂ ಹಾಕದ ಪ್ಲಗ್ ತನ್ನ ಭಾರಕ್ಕೇ ವಾಲಿ ಒಂದು ಸಾಲಿನ ಪಿನ್ ಸಡಿಲವಾಗುತ್ತೆ.

2ನೇ ಪಿಸಿ 1024x768ಕ್ಕೆ ನಿಂತಿರುವುದು ಬೇರೆ ಎರಡು ಪಿನ್ನಿನಿಂದ. ಮಾನಿಟರ್ ತನ್ನ ಅಳತೆಗಳನ್ನು ‘ಇಡಿಐಡಿ’ ಎಂಬ ಚಿಕ್ಕ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತೆ. ಅದು 12 ಮತ್ತು 15ನೇ ಪಿನ್ ಮೂಲಕ ಪಿಸಿಗೆ ಹೋಗುತ್ತೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಈ ಎರಡು ತಂತಿ ಇರುವುದೇ ಇಲ್ಲ. ಬಣ್ಣ ಬರುತ್ತೆ, ಚಿತ್ರ ಬರುತ್ತೆ, ಆದರೆ ಮಾನಿಟರ್ ಯಾವುದು ಅಂತ ಕರ್ನಲ್ಲಿಗೆ ಗೊತ್ತಾಗಲ್ಲ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಕೇಬಲ್ ಎರಡೂ ಕಡೆ ಬಿಚ್ಚಿ, 12ರಿಂದ 12ಕ್ಕೆ, 15ರಿಂದ 15ಕ್ಕೆ ಹಿಡಿಯಿರಿ. ಬೀಪ್ ಬರದಿದ್ದರೆ ಕೇಬಲ್ ಬದಲಿಸಿ. 9ನೇ ಪಿನ್ ಇಲ್ಲದ್ದು ನೋಡಿ ಗಾಬರಿ ಬೇಡ, ಬಹಳ ಕೇಬಲ್‌ಗಳಲ್ಲಿ ಅದು ಇರಲ್ಲ.

ಶಿವಮೊಗ್ಗ_ಕರ್ನಲ್

ಅದಕ್ಕೆ ಸಾಫ್ಟ್‌ವೇರ್ ಕಡೆಯ ಪುರಾವೆಯೂ ಸಿಗುತ್ತೆ. ಇಡಿಐಡಿ ಓದಲಾಗದಿದ್ದರೆ ಕರ್ನಲ್ ತನ್ನಲ್ಲಿರುವ ಸಾಮಾನ್ಯ ಮೋಡ್‌ಗಳನ್ನು 1024x768ರವರೆಗೆ ಮಾತ್ರ ಕೊಡುತ್ತೆ. ಆ ಸಂಖ್ಯೆಯೇ ಸುಳಿವು. ಖಚಿತಪಡಿಸಲು:

ಡಬ್ಲ್ಯೂಸಿ -ಸಿ < /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0-ವಿಜಿಎ-1/ಇಡಿಐಡಿ

0 ಬಂದರೆ ಓದಿಲ್ಲ. 128 ಅಥವಾ 256 ಬಂದರೆ ಓದಿದೆ. ‘ಎಲ್‌ಎಸ್ -ಎಲ್’ ಕೊಟ್ಟು ಸೈಜ್ ನೋಡಬೇಡಿ, ಆ ಫೈಲಿಗೆ ಅದು ಯಾವಾಗಲೂ 0 ಅಂತಲೇ ತೋರಿಸುತ್ತೆ.

ಹೊಸ ಕೇಬಲ್ ಸಿಗುವವರೆಗೆ ತಡೆಯಲಾಗದಿದ್ದರೆ, ಮಾನಿಟರ್ ಆರೂ ಒಂದೇ ಮಾದರಿ ಅಂದಿದ್ದೀರಲ್ಲ, ಸರಿ ಇರುವ ಪಿಸಿಯಿಂದ ಆ ಇಡಿಐಡಿ ಫೈಲನ್ನು ‘ಕ್ಯಾಟ್’ ಮಾಡಿ ಲ್ಯಾಬ್.ಬಿನ್ ಅಂತ ಉಳಿಸಿ, 2ನೇ ಪಿಸಿಯ /ಲಿಬ್/ಫರ್ಮ್‌ವೇರ್/ಇಡಿಐಡಿ/ ಫೋಲ್ಡರಿಗೆ ಹಾಕಿ, ಬೂಟ್ ಸಾಲಿಗೆ ‘ಡಿಆರ್‌ಎಂ.ಇಡಿಐಡಿ_ಫರ್ಮ್‌ವೇರ್=ವಿಜಿಎ-1:ಇಡಿಐಡಿ/ಲ್ಯಾಬ್.ಬಿನ್’ ಸೇರಿಸಿ. ಡ್ರೈವರ್ ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಬಳಸುವ ಚಿಕ್ಕ ಫೈಲ್ ಕಟ್ಟು) ಒಳಗಿಂದಲೇ ಲೋಡ್ ಆಗುತ್ತಿದ್ದರೆ ಈ ಫೈಲೂ ಅದರೊಳಗೆ ಇರಬೇಕು. /ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್/ಹುಕ್ಸ್/ ಫೋಲ್ಡರಿನಲ್ಲಿ ಫೈಲನ್ನು ನಕಲಿಸುವ ಚಿಕ್ಕ ಸ್ಕ್ರಿಪ್ಟ್ ಇಟ್ಟು, ‘ಸಿಎಚ್‌ಮಾಡ್ +ಎಕ್ಸ್’ ಮಾಡಿ, ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’ ಕೊಡಿ. ಡಿಮೆಸೆಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಆ ಫೈಲಿನ ಹೆಸರಿನ ಜೊತೆ ‘ಎರರ್ -2’ ಕಂಡರೆ ಫೈಲ್ ಸಿಕ್ಕಿಲ್ಲ ಅಂತ ಅರ್ಥ.

ಆದರೂ ಕೇಬಲ್ ಬದಲಿಸುವುದೇ ನೇರ ದಾರಿ. ನಾಳೆ ಬೇರೆ ಮಾನಿಟರ್ ಜೋಡಿಸಿದ ದಿನ ಈ ಲ್ಯಾಬ್.ಬಿನ್ ಹೊಸ ತೊಂದರೆ ತರುತ್ತೆ, ಅಷ್ಟು ಹೊತ್ತಿಗೆ ಅದನ್ನು ಹಾಕಿದ್ದೇ ಯಾರಿಗೂ ನೆನಪಿರಲ್ಲ.

ಸಾಗರ_ಸಿಸ್‌ಅಡ್ಮಿನ್

4ನೇ ಪಿಸಿಯ ಫಾಂಟ್. ಬೂಟ್ ಆಗುವಾಗ ಫಾಂಟ್ ಮೊದಲು ಫರ್ಮ್‌ವೇರ್ ಕೊಟ್ಟ ತಾತ್ಕಾಲಿಕ ಫ್ರೇಮ್‌ಬಫರ್ (ಪರದೆಯ ಚಿತ್ರ ಇಡುವ ಮೆಮೊರಿ) ಮೇಲೆ ಕೂರುತ್ತೆ. ಆಮೇಲೆ ಐ915 ಬಂದು ಕನ್ಸೋಲನ್ನು ತನ್ನ ಕೈಗೆ ತೆಗೆದುಕೊಂಡಾಗ ಕರ್ನಲ್ಲಿನ ಸ್ವಂತ ಫಾಂಟಿಗೆ ಮರಳುತ್ತೆ. ಡ್ರೈವರನ್ನು ಮೊದಲು ತಂದರೆ ಸರಿಹೋಗುತ್ತೆ: /ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್/ಮಾಡ್ಯೂಲ್ಸ್ ಫೈಲಿನ ಕೊನೆಯಲ್ಲಿ ‘ಐ915’ ಅಂತ ಒಂದು ಸಾಲು ಬರೆದು ‘ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’.

ಫಾಂಟ್ ಆಯ್ಕೆ /ಇಟಿಸಿ/ಡಿಫಾಲ್ಟ್/ಕನ್ಸೋಲ್-ಸೆಟಪ್ ಫೈಲಿನಲ್ಲಿ. ‘ಫಾಂಟ್‌ಫೇಸ್’ ಮುಂದೆ ಟರ್ಮಿನಸ್, ‘ಫಾಂಟ್‌ಸೈಜ್’ ಮುಂದೆ 12x24. ಲೆಕ್ಕ ಹಾಕಿ ಆರಿಸಿ: 1366x768 ಪರದೆಗೆ 16x32 ಹಾಕಿದರೆ 85 ಕಾಲಂ, 24 ಸಾಲು ಮಾತ್ರ ಉಳಿಯುತ್ತೆ. 12x24 ಆದರೆ 113 ಕಾಲಂ, 32 ಸಾಲು. ಮಕ್ಕಳು ಹಿಂದಿನ ಬೆಂಚಿನಿಂದ ಓದಬೇಕಾದರೆ 16x32, ಕೂತು ಕೆಲಸ ಮಾಡುವುದಾದರೆ 12x24 ಹಿತ.

ಬದಲಿಸಿದ ಮೇಲೆ ‘ಸೆಟಪ್‌ಕಾನ್’ ಅನ್ನು ಆ ಪಿಸಿಯ ಮುಂದೆ ಕೂತೇ ಕೊಡಿ. ಎಸ್‌ಎಸ್‌ಎಚ್‌ನಿಂದ ಕೊಟ್ಟರೆ, ನಾವು ಕನ್ಸೋಲ್ ಮೇಲಿಲ್ಲ, ಹಾಗಾಗಿ ಏನೂ ಮಾಡಿಲ್ಲ ಅಂತ ಹೇಳಿ ಸುಮ್ಮನಾಗುತ್ತೆ.

ಕೊಪ್ಪ_ಬಳಕೆದಾರ

ಫಾಂಟ್ ಬದಲಿಸಬಹುದು ಅಂದರೆ ಕನ್ನಡ ಅಕ್ಷರ ಇರುವ ಒಂದು ಕನ್ಸೋಲ್ ಫಾಂಟ್ ಮಾಡಿ ಹಾಕಿದರಾಯ್ತಲ್ಲ? ಚೌಕದ ತೊಂದರೆ ಅಲ್ಲಿಗೇ ಮುಗಿಯಿತು.

ಶೃಂಗೇರಿ_ಯುನಿಕೋಡ್

ಮುಗಿಯಲ್ಲ, ಮತ್ತು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ವರ್ಷ ಯಾರಾದರೂ ಇದರ ಮೇಲೆ ವಾರಗಟ್ಟಲೆ ಕೂರುತ್ತಾರೆ.

ಕನ್ಸೋಲ್ ಫಾಂಟಿನಲ್ಲಿ ಹೆಚ್ಚೆಂದರೆ 512 ಚಿತ್ರ ಇಡಬಹುದು. ಅದು ಚಿಕ್ಕ ಅಡ್ಡಿ. ದೊಡ್ಡ ಅಡ್ಡಿ ಏನೆಂದರೆ ಕರ್ನಲ್ಲಿಗೆ ಅಕ್ಷರ ಜೋಡಿಸಲು ಬರಲ್ಲ. ಅದು ಒಂದು ಕೋಡಿಗೆ ಒಂದು ಮನೆ ಕೊಟ್ಟು ಎಡದಿಂದ ಬಲಕ್ಕೆ ಸಾಲಾಗಿ ಕೂರಿಸುತ್ತಾ ಹೋಗುತ್ತೆ, ಅಷ್ಟೇ.

‘ಶಿವಮೊಗ್ಗ’ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿನಲ್ಲಿ ಎಂಟು: ಶ, ಇಕಾರದ ಗುಣಿತ, ವ, ಮ, ಒಕಾರದ ಗುಣಿತ, ಗ, ಹಲಂತ, ಇನ್ನೊಂದು ಗ. ಅದನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ರೂಪದಲ್ಲಿ 24 ಬೈಟ್. ‘ಶಿ’ ಬರೆಯಲು ಶಕಾರದ ತಲೆಕಟ್ಟನ್ನೇ ಬದಲಿಸಬೇಕು, ‘ಗ್ಗ’ ಬರೆಯಲು ಎರಡನೇ ಗಕಾರವನ್ನು ಒತ್ತಾಗಿಸಿ ಕೆಳಗಿಳಿಸಬೇಕು. ಈ ಕೆಲಸ ಡೆಸ್ಕ್‌ಟಾಪಿನಲ್ಲಿ ಹಾರ್ಫ್‌ಬಜ್‌ನಂಥ ಲೈಬ್ರರಿ ಮಾಡುತ್ತೆ. ಟೆಕ್ಸ್ಟ್ ಕನ್ಸೋಲಿನಲ್ಲಿ ಅದು ಇಲ್ಲ. ನಿಮ್ಮ ಫಾಂಟ್ ಎಷ್ಟೇ ಚೆನ್ನಾಗಿರಲಿ, ಬರುವುದು ಬಿಡಿ ಬಿಡಿ ತುಂಡು, ಓದಲಾಗದು.

ಫೈಲ್ ಹೆಸರು ಹಾಳಾಗಿಲ್ಲ ಅಂತ ನೋಡಲು ‘ಎಲ್‌ಎಸ್ | ಹೆಕ್ಸ್‌ಡಂಪ್ -ದೊಡ್ಡಕ್ಷರ ಸಿ’ ಕೊಡಿ. ಕನ್ನಡದ ಪ್ರತಿ ಕೋಡೂ ಇ0 ಬಿ2 ಅಥವಾ ಇ0 ಬಿ3 ಎಂಬ ಜೋಡಿಯಿಂದ ಶುರುವಾಗುತ್ತೆ. ‘ಶ’ ಅಂದರೆ ಇ0 ಬಿ2 ಬಿ6. ಮೂರು ಮೂರು ಬೈಟಿನ ಆ ಲಯ ಕಂಡರೆ ಹೆಸರು ಕ್ಷೇಮ.

ಆ ಹೆಸರನ್ನು ಕನ್ಸೋಲಿನಿಂದ ಟೈಪ್ ಮಾಡಲಾಗದಿದ್ದರೆ ‘ಎಲ್‌ಎಸ್ -ಐ’ ಕೊಟ್ಟು ಐನೋಡ್ ಸಂಖ್ಯೆ (ಡಿಸ್ಕಿನಲ್ಲಿ ಫೈಲಿನ ಗುರುತಿನ ಸಂಖ್ಯೆ) ನೋಡಿ, ‘ಫೈಂಡ್ . -ಐನಮ್’ ಮುಂದೆ ಆ ಸಂಖ್ಯೆ ಹಾಕಿ, ‘-ಎಕ್ಸೆಕ್’ ಮೂಲಕ ನಕಲು, ಹೆಸರು ಬದಲು ಏನು ಬೇಕಾದರೂ ಮಾಡಬಹುದು.

ಭಾಷೆ ಹೇಳುವ ಲಾಂಗ್ ವೇರಿಯಬಲನ್ನು ಬರೀ ‘ಸಿ’ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಗ ಚೌಕದ ಬದಲು 340 262 266 ಎಂಬಂಥ ಎಂಟರ ಲೆಕ್ಕದ ಸಂಖ್ಯೆಗಳು ಬರುತ್ತವೆ, ಅಷ್ಟೇ ಲಾಭ. ಸರಿಯಾದದ್ದು ಹೀಗೆ: ಲಾಂಗ್ ಕೆಎನ್_ಐಎನ್ ಆಗಿಯೇ ಇರಲಿ. ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ಶುರುವಾದಾಗ ಓದುವ ಫೈಲ್), ಟರ್ಮ್ ‘ಲಿನಕ್ಸ್’ ಆಗಿದ್ದರೆ ಮಾತ್ರ ‘ಎಲ್‌ಸಿ_ಮೆಸೇಜಸ್=ಸಿ.ಯುಟಿಎಫ್-8’ ಅಂತ ಎಕ್ಸ್‌ಪೋರ್ಟ್ ಮಾಡಿ, ‘ಲ್ಯಾಂಗ್ವೇಜ್’ ವೇರಿಯಬಲ್ ಇದ್ದರೆ ತೆಗೆದುಹಾಕಿ. ಕನ್ಸೋಲಿನಲ್ಲಿ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ, ಡೇಟಾ ಯುಟಿಎಫ್-8 ಆಗಿಯೇ ಉಳಿಯುತ್ತೆ. ಅಂದಹಾಗೆ /ಇಟಿಸಿ/ಲೊಕೇಲ್.ಜೆನ್ ಫೈಲಿನಲ್ಲಿ ಕನ್ನಡದ ಸಾಲು ‘ಕೆಎನ್_ಐಎನ್ ಯುಟಿಎಫ್-8’ ಎಂದಿರುತ್ತೆ, ಮಧ್ಯೆ ಚುಕ್ಕಿ ಅಲ್ಲ, ಸ್ಪೇಸ್. ಹಿಂದಿ, ಇಂಗ್ಲಿಷಿನ ಭಾರತೀಯ ಲೊಕೇಲ್‌ಗಳೂ ಹಾಗೇ.

ಕನ್ನಡ ಓದಲೇಬೇಕಿದ್ದರೆ ಡೆಸ್ಕ್‌ಟಾಪ್ ಇರುವ ಒಂದು ಪಿಸಿಯಿಂದ ಎಸ್‌ಎಸ್‌ಎಚ್ ಮಾಡಿ ಓದಿ. ಕೆಎಂಎಸ್‌ಕಾನ್ ಎಂಬ ಬದಲಿ ಕನ್ಸೋಲ್ ಪ್ಯಾಂಗೊ ಲೈಬ್ರರಿ ಬಳಸಿ ಯುನಿಕೋಡ್ ಬರೆಯುತ್ತೆ. ಆದರೆ ಅದೂ ಮನೆ ಮನೆಯ ಚೌಕಟ್ಟಿನ ಮೇಲೇ ನಿಂತಿದೆ. ನಮ್ಮ ಒತ್ತಕ್ಷರ ಅದರಲ್ಲಿ ಚೆಂದ ಕೂರುತ್ತೆ ಅಂತ ಭರವಸೆ ಕೊಡಲಾರೆ.

ಹೊಸನಗರ_ಲ್ಯಾಬ್

1ನೇದು 1024x768@60 ಹಾಕಿದ ಮೇಲೆ ಬಂತು. 2ನೇದಕ್ಕೆ ಡಬ್ಲ್ಯೂಸಿ 0 ತೋರಿಸಿತು. ಕೇಬಲ್‌ನಲ್ಲಿ 15ಕ್ಕೆ ಬೀಪ್ ಇಲ್ಲ, ಬದಲಿಸಿದಾಗ 1366x768 ತಾನಾಗಿ ಬಂತು. 3ನೇದು ಉಜ್ಜಿದ ಮೇಲೆ ಬಿಳಿ. 4ನೇದು ಸರಿ.

5ನೇದರಲ್ಲಿ ಸ್ಟೇಟಸ್ ನೋಡಿದರೆ ವಿಜಿಎ-1 ಜೊತೆಗೆ ಎಲ್‌ವಿಡಿಎಸ್-1 ಕೂಡ ಕನೆಕ್ಟೆಡ್ ಅನ್ನುತ್ತಿದೆ. ಇದು ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಅಲ್ಲ.

ಇನ್ನೊಂದು: ಪುಟ್ಟಿ ಎಂಬ ಎಸ್‌ಎಸ್‌ಎಚ್ ಪ್ರೋಗ್ರಾಂನಿಂದ ಲಾಗಿನ್ ಆಗಿ ಮಿಡ್‌ನೈಟ್ ಕಮಾಂಡರ್ ಎಂಬ ಫೈಲ್ ಮ್ಯಾನೇಜರ್ ತೆರೆದರೆ ಚೌಕಟ್ಟಿನ ಗೆರೆಗಳ ಜಾಗದಲ್ಲಿ ಟೋಪಿ ಹಾಕಿದ ಸಣ್ಣ ‘ಎ’ ಸಾಲು ಸಾಲಾಗಿ ಬರುತ್ತೆ.

ಶಿವಮೊಗ್ಗ_ಕರ್ನಲ್

ಇಲ್ಲದ ಲ್ಯಾಪ್‌ಟಾಪ್ ಪ್ಯಾನೆಲ್ ಇದೆ ಅಂತ ಬೋರ್ಡ್ ಹೇಳುತ್ತಿದೆ. ಕನ್ಸೋಲ್ ಎರಡೂ ಪರದೆಗೆ ಹೊಂದುವ ಹಾಗೆ ಚಿಕ್ಕದರ ಅಳತೆಗೆ ಕುಗ್ಗುತ್ತೆ, ಆದ್ದರಿಂದ ಅಕ್ಷರ ಮೂಲೆಗೆ ಸೇರಿದೆ. ಬೂಟ್ ಸಾಲಿಗೆ ‘ವಿಡಿಯೊ=ಎಲ್‌ವಿಡಿಎಸ್-1:ಡಿ’ ಸೇರಿಸಿ. ಕೊನೆಯ ಅಕ್ಷರ ಸಣ್ಣ ಇಂಗ್ಲಿಷ್ ಡಿ, ಆ ಕನೆಕ್ಟರನ್ನು ಮುಚ್ಚು ಅಂತ. ದೊಡ್ಡ ಡಿ ಹಾಕಿದರೆ ಅರ್ಥ ತಿರುಗಿ ಡಿಜಿಟಲ್ ಆಗಿ ತೆರೆ ಎಂದಾಗುತ್ತೆ, ಜೋಕೆ.

ನಿಮ್ಮಲ್ಲಿ ಕರೆಂಟ್ ಬಂದ ಕೂಡಲೇ ಸಿಪಿಯು ತಾನೇ ಆನ್ ಆಗಿ, ಮಾನಿಟರ್ ಸ್ವಿಚ್ ಕೈಯಲ್ಲಿ ಒತ್ತಬೇಕಿದ್ದರೆ, ಬೂಟ್ ಹೊತ್ತಿಗೆ ಮಾನಿಟರ್ ಇಲ್ಲ ಅಂತ ಡ್ರೈವರ್ ತಿಳಿಯಬಹುದು. ಅಂಥ ಪಿಸಿಗೆ ‘ವಿಡಿಯೊ=ವಿಜಿಎ-1:1024x768@60’ರ ಕೊನೆಗೆ ಸಣ್ಣ ‘ಇ’ ಅಂಟಿಸಿ. ಕೇಬಲ್ ತುದಿಯಲ್ಲಿ ಏನೇ ಇರಲಿ, ಕನೆಕ್ಟರ್ ತೆರೆದೇ ಇರುತ್ತೆ.

ಸಾಗರ_ಸಿಸ್‌ಅಡ್ಮಿನ್

ಪುಟ್ಟಿ ಗೆರೆಗಳು: ಟೋಪಿಯ ಎ ಬಂದರೆ ಸರ್ವರ್ ಯುಟಿಎಫ್-8ರಲ್ಲಿ ಕಳಿಸುತ್ತಿದೆ, ಪುಟ್ಟಿ ಅದನ್ನು ಒಂದೊಂದೇ ಬೈಟಾಗಿ ಓದುತ್ತಿದೆ. ಪುಟ್ಟಿಯ ವಿಂಡೋ ವಿಭಾಗದ ಟ್ರಾನ್ಸ್‌ಲೇಶನ್‌ನಲ್ಲಿ ಯುಟಿಎಫ್-8 ಆರಿಸಿ, ಸೆಶನ್ ಸೇವ್ ಮಾಡಿ. ಟೋಪಿ ಇಲ್ಲದೆ ಎಲ್, ಕ್ಯೂ ಕ್ಯೂ ಕ್ಯೂ, ಕೆ ಎಂಬ ಅಕ್ಷರಗಳು ಬಂದರೆ ಅದು ಬೇರೆ: ಗೆರೆ ಬರೆಯುವ ಹಳೆಯ ಸಂಕೇತವನ್ನು ಟರ್ಮಿನಲ್ ಪಾಲಿಸುತ್ತಿಲ್ಲ. ಆಗ ‘ಎಕೋ $ಟರ್ಮ್’ ನೋಡಿ. ಬ್ಯಾಶ್‌ಆರ್‌ಸಿಯಲ್ಲಿ ಯಾರಾದರೂ ಟರ್ಮ್‌ಗೆ ಒಂದೇ ಬೆಲೆ ಕಟ್ಟಿಹಾಕಿದ್ದರೆ ಆ ಸಾಲು ಅಳಿಸಿ. ಟರ್ಮ್ ಹೇಳಬೇಕಾದದ್ದು ಟರ್ಮಿನಲ್, ಬ್ಯಾಶ್‌ಆರ್‌ಸಿ ಅಲ್ಲ.

ಮಕ್ಕಳ ಲ್ಯಾಬಿನಲ್ಲಿ ಆಗಾಗ ಬರುವ ಇನ್ನೂ ಕೆಲವು, ಬೇಗ ಹೇಳಿಬಿಡುತ್ತೇನೆ. ಕೀಬೋರ್ಡ್ ಒತ್ತಿದರೂ ಪರದೆ ಅಲುಗದಿದ್ದರೆ ಯಾರೋ ಕಂಟ್ರೋಲ್-ಎಸ್ ಒತ್ತಿದ್ದಾರೆ, ಕಂಟ್ರೋಲ್-ಕ್ಯೂ ಒತ್ತಿ. ಬೈನರಿ ಫೈಲನ್ನು ಕ್ಯಾಟ್ ಮಾಡಿ ಅಕ್ಷರ ಕಲಸಿಹೋದರೆ ಕಾಣದಿದ್ದರೂ ‘ರೀಸೆಟ್’ ಟೈಪ್ ಮಾಡಿ ಎಂಟರ್ ಒತ್ತಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್-ಜೆ. ಬರೆಯುತ್ತಿರುವಾಗ ಮಧ್ಯೆ ಕರ್ನಲ್ ಸಾಲು ನುಗ್ಗಿದರೆ ‘ಸುಡೊ ಡಿಮೆಸೆಜ್ -ಎನ್ 1’, ಎಡಿಟರಿನೊಳಗೆ ಕಂಟ್ರೋಲ್-ಎಲ್. ಆದರೆ ಅದೇ ಸಾಲು ನಿಮಿಷಕ್ಕೆ ಹತ್ತು ಸಲ ಬರುತ್ತಿದ್ದರೆ ಬಾಯಿ ಮುಚ್ಚಿಸುವ ಮೊದಲು ಓದಿ, ಯಾವುದೋ ಸಾಧನ ದೂರು ಹೇಳುತ್ತಿದೆ.

ಶಿಫ್ಟ್-ಪೇಜ್‌ಅಪ್‌ನಿಂದ ಹಿಂದಿನ ಸಾಲು ನೋಡಲು ಆಗಲ್ಲ ಅಂತ ಸೆಟ್ಟಿಂಗ್ ಹುಡುಕಬೇಡಿ. 2020ರಲ್ಲಿ, ಕರ್ನಲ್ 5.9ರಲ್ಲಿ, ಆ ಸೌಲಭ್ಯವನ್ನೇ ತೆಗೆದರು. ಹಿಂದಿನ ಸಾಲು ಉಳಿಸುವ ಟಿಮಕ್ಸ್ ಹಾಕಿಕೊಳ್ಳಿ, ಅಥವಾ ಔಟ್‌ಪುಟ್ ‘ಲೆಸ್’ಗೆ ಕಳಿಸಿ.

ಶೃಂಗೇರಿ_ಯುನಿಕೋಡ್

ಎಲ್‌ಎಸ್‌ನ ನೀಲಿ ಫೋಲ್ಡರ್ ಹೆಸರು ಹಳೆಯ ಮಾನಿಟರಿನ ಕಪ್ಪಿನ ಮೇಲೆ ಕಾಣುವುದೇ ಇಲ್ಲ. ಮಕ್ಕಳು ಫೋಲ್ಡರ್ ಖಾಲಿ ಅಂದುಕೊಳ್ಳುತ್ತಾರೆ. ಬ್ಯಾಶ್‌ಆರ್‌ಸಿಯಲ್ಲಿ ಟರ್ಮ್ ಲಿನಕ್ಸ್ ಆಗಿದ್ದಾಗ ಪ್ರಿಂಟ್‌ಎಫ್ ಮೂಲಕ ಎಸ್ಕೇಪ್, ಬಲಕ್ಕೆ ಮುಚ್ಚುವ ಚೌಕ ಆವರಣ, ದೊಡ್ಡ ಇಂಗ್ಲಿಷ್ ಪಿ, ಆಮೇಲೆ ದೊಡ್ಡ ಸಿ, ಆಮೇಲೆ 8888ಎಫ್‌ಎಫ್ ಕಳಿಸಿ. ಎಲ್‌ಎಸ್ ಬಳಸುವ ದಪ್ಪ ನೀಲಿ (ಹನ್ನೆರಡನೇ ಬಣ್ಣ) ತಿಳಿನೀಲಿಯಾಗುತ್ತೆ.

ಹೊಸನಗರ_ಲ್ಯಾಬ್

5ನೇದು ಪೂರ್ತಿ ಪರದೆಗೆ ಬಂತು. ಪುಟ್ಟಿ ಗೆರೆ, ನೀಲಿ ಎರಡೂ ಸರಿ. 6ನೇದು ಉಳಿದಿದೆ. ಬಯಾಸ್ ಸೆಟಪ್‌ನಲ್ಲಿ ಕೆಲವು ಕಾಲಂಗಳಲ್ಲಿ ಮಾತ್ರ, ಇಂಗ್ಲಿಷಿನ ಎ ಇರಬೇಕಾದಲ್ಲಿ ಸಿ, ಇ ಇರಬೇಕಾದಲ್ಲಿ ಜಿ. ಕೇಬಲ್, ಮಾನಿಟರ್ ಬದಲಿಸಿ ನೋಡಾಯ್ತು, ಹಾಗೇ ಇದೆ.

ತೀರ್ಥಹಳ್ಳಿ_ಹಾರ್ಡ್‌ವೇರ್

ಇಷ್ಟು ಚೆನ್ನಾಗಿ ಗಮನಿಸಿದ್ದಕ್ಕೆ ಉತ್ತರ ಅದರಲ್ಲೇ ಇದೆ. ಸಣ್ಣ ಎ ಅಕ್ಷರದ ಕೋಡ್ ಹೆಕ್ಸ್ 61, ಸಿ 63. ಇ 65, ಜಿ 67. ಎರಡರಲ್ಲೂ ಒಂದೇ ಬಿಟ್ ತಪ್ಪಾಗಿ 1 ಆಗುತ್ತಿದೆ. ಕೇಬಲ್ ಕೆಟ್ಟರೆ ಅಕ್ಷರ ಮಸುಕಾಗುತ್ತೆ, ಬಣ್ಣ ಕೆಡುತ್ತೆ, ಆದರೆ ಒಂದು ಅಕ್ಷರ ಅಚ್ಚುಕಟ್ಟಾದ ಇನ್ನೊಂದು ಅಕ್ಷರವಾಗಲ್ಲ. ಹಾಗಾಗಿ ಮೆಮೊರಿ. ಒಳಗ್ರಾಫಿಕ್ಸ್ ಪರದೆಯ ಡೇಟಾ ಇಡುವುದು ಪಿಸಿಯ ರ‍್ಯಾಮ್‌ನಲ್ಲೇ.

ಪವರ್ ಕೇಬಲ್ ಕಿತ್ತು, ಆನ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಪಟ್ಟಿಗಳನ್ನು ಆಲ್ಕೋಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರ್ ಬೇಡ, ಅದರ ಪುಡಿ ಸ್ಲಾಟಿನೊಳಗೆ ಕೂರುತ್ತೆ. ಎರಡು ಸ್ಟಿಕ್ ಇದ್ದರೆ ಒಂದನ್ನೇ ಹಾಕಿ ಬಯಾಸ್ ನೋಡಿ, ಆಮೇಲೆ ಇನ್ನೊಂದು, ಆಮೇಲೆ ಸ್ಲಾಟ್ ಬದಲಿಸಿ. ತಪ್ಪು ಸ್ಟಿಕ್ಕಿನ ಜೊತೆ ಹೋಗುತ್ತಾ, ಸ್ಲಾಟಿನಲ್ಲೇ ಉಳಿಯುತ್ತಾ ಅಂತ ಗೊತ್ತಾಗುತ್ತೆ. ಅಕ್ಷರ ಸರಿ ಕಂಡ ಮೇಲೂ ಮೆಮ್‌ಟೆಸ್ಟ್86+ (ರ‍್ಯಾಮ್ ಪರೀಕ್ಷೆ) ಒಂದು ಪೂರ್ತಿ ಸುತ್ತು ಓಡಿಸಿ.

ಅಲ್ಲಿಯವರೆಗೆ ಆ ಪಿಸಿಯಲ್ಲಿ ಯಾವ ಫೈಲನ್ನೂ ಸೇವ್ ಮಾಡಬೇಡಿ, ಅಪ್‌ಡೇಟ್ ಕೂಡ ಬೇಡ. ಪರದೆಯಲ್ಲಿ ಎ ಹೋಗಿ ಸಿ ಆದ ಹಾಗೆ ಡಿಸ್ಕಿಗೆ ಹೋಗುವ ಡೇಟಾದಲ್ಲೂ ಆಗುತ್ತಿರಬಹುದು, ಅಲ್ಲಿ ಅದು ಕಣ್ಣಿಗೆ ಬೀಳಲ್ಲ.